ನೀಲಿ ನೀರಿನ ಹತ್ತು ನಿಮಿಷ

ಕೂತ್ಕೊಳ್ಳಿ ಸಾರ್, ಫ್ಯಾನ್ ಇದೆ, ನಿನ್ನೆಯ ಪೇಪರಿದೆ.
ಕತ್ತರಿ ಈಗಷ್ಟೇ ನೀರಿಗಿಳಿದಿದೆ.
ಹತ್ತು ನಿಮಿಷ.

ಗೊತ್ತು, ಹತ್ತೇ ನಿಮಿಷಕ್ಕೆ
ಕೊತ್ತಂಬರಿ ಕಟ್ಟನ್ನು ನಾಲ್ಕನೇ ಮಹಡಿಗೆ ಮುಟ್ಟಿಸುವವರು ನೀವು.
ಎರಡು ಆರ್ಡರಿನ ಸಂದಿಯಲ್ಲಿ
ತಲೆ ಕೊಡಲು ಬಂದಿದ್ದೀರಿ.
ಹೊರಗೆ ಸುಂಕದಕಟ್ಟೆ ಸಿಗ್ನಲ್ಲಿನಲ್ಲಿ
ಬಸ್ಸುಗಳು ಗಂಟಲು ಕೆಡಿಸಿಕೊಂಡಿವೆ.
ಒಳಗೆ, ಜಾಡಿಯಲ್ಲಿ,
ಮೂರು ಬಾಚಣಿಗೆ, ಎರಡು ಕತ್ತರಿ
ಯಾವ ಅವಸರವೂ ಇಲ್ಲದೆ ಮುಳುಗಿವೆ,
ಹಿಡಿಯ ಸಮೇತ.
ಅಲಗಷ್ಟೇ ಮುಳುಗಿದರೆ ಸಾಲದು;
ಕೈ ಹಿಡಿಯುವುದು ಹಿಡಿಯನ್ನಲ್ಲವೇ.

ಮೊದಲು ಸೋಪು. ಅದನ್ನು ಮರೆಯುವವರೇ ಹೆಚ್ಚು.
ಕೂದಲೆಳೆ, ಹೊಟ್ಟು, ಎಣ್ಣೆಜಿಡ್ಡು
ಕಂಬಳಿಯಂತೆ ಹೊದ್ದು ಕೂತ ರೋಗ
ಯಾವ ಮದ್ದಿಗೂ ಮುಖ ತೋರಿಸುವುದಿಲ್ಲ.
ನನ್ನ ಹಲ್ಲುಜ್ಜಿ ಸವೆದ ಬ್ರಶ್ಶಿನಿಂದ
ಬಾಚಣಿಗೆಯ ಹಲ್ಲುಜ್ಜುತ್ತೇನೆ.
ತೊಳೆದು, ಒರೆಸಿ, ಆಮೇಲೆ ನೀಲಿ.
ಅದೂ ಮುಚ್ಚಳದಲ್ಲಿ ಅಳೆದು,
ಬೆಳಗ್ಗೆ ಬೆಳಗ್ಗೆ ಹೊಸದು.
ಎದುರಿನ ಎಸಿ ಸಲೂನಿನಲ್ಲಿ
ನೇರಳೆ ದೀಪದ ಪೆಟ್ಟಿಗೆ ಇದೆ, ಚೆನ್ನಾಗಿ ಕಾಣುತ್ತದೆ.
ಆದರೆ ಸಾರ್, ದೀಪಕ್ಕೆ
ಕತ್ತರಿಯ ಕಂಕುಳು ಎಲ್ಲಿ ಕಾಣಬೇಕು?

ನಮ್ಮ ಮಾವ ಚಿಕ್ಕಮುನಿಯಪ್ಪನ ಅಂಗಡಿ
ಬಿನ್ನಿ ಮಿಲ್ಲಿನ ಹಿಂದೆ.
ಶಿಫ್ಟು ಬಿಟ್ಟರೆ ಬೆಂಚಿನ ತುಂಬ ಗಡ್ಡ.
ಒಂದೇ ಕತ್ತಿ, ಒಂದೇ ಬಟ್ಟಲು ಬಿಸಿನೀರು,
ತೊಗಲ ಪಟ್ಟಿಯ ಮೇಲೆ ಚಟ್ ಚಟ್.
ಅಲ್ಲಿಗೆ ಶುದ್ಧಿ ಮುಗಿಯಿತು.
ಪಟಿಕದ ಕಲ್ಲೂ ಒಂದೇ.
ಎಲ್ಲರ ರಕ್ತದ ರುಚಿ ಗೊತ್ತಿತ್ತು ಅದಕ್ಕೆ,
ಯಾರ ಹೆಸರೂ ಗೊತ್ತಿರಲಿಲ್ಲ.

ಆ ವರ್ಷ ನನಗೆ ಹದಿನೆಂಟು.
ನೂಲು ಖಾತೆಯ ಪುಟ್ಟಲಿಂಗಯ್ಯನವರ
ಕಿವಿಯ ಕೆಳಗಿನ ಮಚ್ಚೆಗೆ ನನ್ನ ಕೈ ತಪ್ಪಿತು.
ಸಾಸಿವೆಯಷ್ಟು ಕೆಂಪು.
ಕಲ್ಲು ಒತ್ತಿದೆ.
‘ಆಯ್ತು ಬಿಡೋ ಮಗಾ’ ಅಂದರು,
ನಾಲ್ಕಾಣೆ ಹೆಚ್ಚೇ ಇಟ್ಟು ಹೋದರು.

ಮೂರು ತಿಂಗಳಿಗೆ ಅವರ ಕಣ್ಣು ಅರಿಶಿನ.

ನಿನ್ನ ಕತ್ತಿಯಿಂದ ಎಂದು ಯಾರೂ ಅನ್ನಲಿಲ್ಲ.
ಅಲ್ಲ ಎಂದೂ ಯಾರೂ ಅನ್ನಲಿಲ್ಲ.
ಆಸ್ಪತ್ರೆಯ ಹಾಸಿಗೆಗೂ
ಗಡ್ಡಕ್ಕೆ ನನ್ನನ್ನೇ ಕರೆಸಿದರು.
ಹೋದೆ. ನೊರೆ ಹಚ್ಚಿದೆ.
ಅವರು ಕಣ್ಣು ಮುಚ್ಚಿ
ಗಲ್ಲ ಎತ್ತಿದರು,
ಎಂದಿನ ಹಾಗೆ.

ನಲವತ್ತು ವರ್ಷದಿಂದ
ಈ ಕುರ್ಚಿಯಲ್ಲಿ ಕೂತವರೆಲ್ಲ
ಅದೇ ಗಲ್ಲವನ್ನು ಎತ್ತುತ್ತಾರೆ.

ಅದಕ್ಕೇ ನಿಮ್ಮ ಕಣ್ಣ ಮುಂದೆಯೇ
ಹೊಸ ಬ್ಲೇಡಿನ ಕಾಗದ ಬಿಚ್ಚುವುದು.
ಅರ್ಧ ಮುರಿದು ಒಬ್ಬರಿಗೆ ಒಂದರ್ಧ,
ಮುಗಿದದ್ದು ದಪ್ಪ ಕ್ಯಾನಿನ ಬಾಯಿಗೆ.
ಬೆಳಗ್ಗೆ ಕಸ ಎತ್ತುವ ಮಾದಮ್ಮನ ಬೆರಳಿಗೂ
ಚರ್ಮವಿದೆ ಸಾರ್, ಗ್ಲೌಸು ಇಲ್ಲ.
ಕಲ್ಲು ಇಡುವುದಿಲ್ಲ. ಹತ್ತಿ ಇದೆ, ಬಳಸಿ ಬಿಸಾಡುವುದು.
ಟವೆಲ್ ಕೇಳಬೇಡಿ, ಮೇಲೆ ತಾರಸಿಯಲ್ಲಿ
ಇಪ್ಪತ್ತೆರಡು ಒಣಗುತ್ತಿವೆ.

ಇವನು ನಿಸಾರ್, ಬಿಜನೋರಿನವನು.
ಕನ್ನಡದ ಎಣಿಕೆ ಕಲಿತದ್ದೇ ಈ ಜಾಡಿಯ ಮುಂದೆ,
ನಿಮಿಷಕ್ಕೊಂದು ಅಂಕಿ ಗಟ್ಟಿಯಾಗಿ ಹೇಳುತ್ತಾ.
ಏಳಕ್ಕೂ ಎಂಟಕ್ಕೂ ಇನ್ನೂ ಜಗಳ ಅವನಿಗೆ;
ಹಾಗಾಗಿ ನಮ್ಮಲ್ಲಿ ಕೆಲವೊಮ್ಮೆ
ಹತ್ತು ಹನ್ನೊಂದಾಗುತ್ತದೆ.
ಹನ್ನೊಂದರಿಂದ ಯಾರಿಗೂ ಏನೂ ಆಗಿಲ್ಲ.
ಎರಡರಿಂದ ಆಗಿದೆ, ಬಹುಶಃ.
ಆ ಬಹುಶಃ ಇದೆಯಲ್ಲ,
ಅದನ್ನು ಅದ್ದಿಡುವ ಜಾಡಿ
ನನಗಿನ್ನೂ ಸಿಕ್ಕಿಲ್ಲ.

ಫೋನು ಮಿನುಗಿತು ನೋಡಿ, ನಿಮ್ಮದೇ.
ಹೆಲ್ಮೆಟ್ಟಿನ ಮೇಲೆ ಕೈ ಹೋಯಿತು.
ಹೋಗುವುದಾದರೆ ಹೋಗಿ, ಬೇಜಾರಿಲ್ಲ,
ಆ ಗಲ್ಲಿಯ ತುದಿಯಲ್ಲಿ ಎರಡು ಅಂಗಡಿ ಇವೆ,
ಕಾಯಿಸುವುದಿಲ್ಲ ಅವರು.

‘ಒಂಬತ್ತು’ ಅಂದ ನಿಸಾರ್.